ಕನ್‌ಫ್ಯೂಷನ್ನಿಗೆ ಕೊನೆಯ ಉದಾಹರಣೆ

ಬೀದಿಯವರೆಲ್ಲ ಅವನನ್ನು ಅರ್ಥದಣ್ಣ ಎನ್ನುತ್ತಿದ್ದರು. ಪುಸ್ತಕ ಅಚ್ಚುಹಾಕುವ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ನಿಘಂಟು ಸಿದ್ಧಪಡಿಸುವುದು ಅವನ ಕಸುಬು. ನಮ್ಮ ಮಾತಿನೊಳಗೆ ಸೇರಿಹೋದ ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯಬೇಕು, ಪ್ರತಿ ಅರ್ಥದ ಕೆಳಗೂ ಒಂದು ಉದಾಹರಣೆ ಕೊಡಬೇಕು. ಉದಾಹರಣೆಯನ್ನು ತಾನೇ ಹೊಸೆಯುವುದು ಅವನ ಪಾಲಿಗೆ ಮಹಾಪಾಪ. ಯಾರದಾದರೂ ಬಾಯಿಂದ ಬಂದದ್ದೇ ಆಗಬೇಕು. ಹಾಗಾಗಿ ಜೇಬಿನಲ್ಲಿ ಚೀಟಿ, ಕಿವಿಯ ಮೇಲೆ ಪೆನ್ಸಿಲ್ಲು. ಬೇಕಾದ ಪದ ಬಿತ್ತೋ, ಅಲ್ಲಿಗೆ ಕಿವಿ ಮುಚ್ಚಿತು. ಮಿಕ್ಕ ಮಾತು ಗಾಳಿಪಾಲು. ಅದು ಜಾಣಗಿವುಡಲ್ಲ, ನಿಜಕ್ಕೂ ಕೇಳಿಸುತ್ತಿರಲಿಲ್ಲ. "ಅವರ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ. ಗೋಡೆ ಆದ್ರೆ ನಡುವೆ ಎದ್ದು ಹೋಗಲ್ಲ" ಎಂದು ಇಸ್ತ್ರಿ ಅಂಗಡಿಯವನು ನಗುತ್ತಿದ್ದ.

ಮನೆಯಲ್ಲಿ ಅವನೂ ತಂಗಿಯೂ ಇಬ್ಬರೇ. ಅವನಿಗೆ ಐವತ್ತು ದಾಟಿದೆ, ಅವಳಿಗೆ ಇನ್ನೇನು ಐವತ್ತು. ತಂಗಿ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಾಳೆ, ಜೊತೆಗೆ ಅಣ್ಣನನ್ನೂ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಔಷಧಿ ಅಂಗಡಿಯವರು, ನನ್ನನ್ನು ಮದುವೆಯಾಗುತ್ತೀರಾ ಎಂದು ಅವಳನ್ನು ನೇರವಾಗಿ ಕೇಳಿದ್ದರು. "ಅಣ್ಣನ್ನ ಒಂದು ಮಾತು ಕೇಳ್ತೀನಿ" ಎಂದು ಹೇಳಿ ಬಂದಿದ್ದಳು. ಅಣ್ಣ "ನೋಡೋಣ" ಎಂದ. ಮರುವಾರ ಮತ್ತೆ ಕೇಳಿದರೆ "ಈ ಪದ ಒಂದು ಮುಗೀಲಿ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಭಾನುವಾರ ಔಷಧಿ ಅಂಗಡಿಯವರು ಉತ್ತರ ಕೇಳಲು ಮನೆಗೇ ಬರುವವರಿದ್ದರು.

ಆ ಪದ ಕನ್‌ಫ್ಯೂಷನ್, ಅದಕ್ಕೆ ನಾಲ್ಕು ಅರ್ಥ. ಬಸ್ ನಿಲ್ದಾಣದಲ್ಲಿ ಜನ ಅತ್ತಿಂದಿತ್ತ ಓಡಿದರೆ ಅದು ಗಲಿಬಿಲಿ. ಉದಾಹರಣೆಯನ್ನು ಕಂಡಕ್ಟರೇ ಕೊಟ್ಟ. ಇಸ್ತ್ರಿಯವನು ಪಕ್ಕದ ಮನೆಯ ಷರಟು ತಂದುಕೊಟ್ಟು "ಸಣ್ಣ ಕನ್‌ಫ್ಯೂಷನ್ ಆಯ್ತು ಸಾರ್" ಎಂದದ್ದರಿಂದ ಅದಲುಬದಲೂ ಸಿಕ್ಕಿತು. ತಬ್ಬಿಬ್ಬಿಗೆ ಹಲ್ಲಿನ ಡಾಕ್ಟರ ಬಳಿ ಬಂದಿದ್ದ ಅಜ್ಜಿ ನೆರವಾದಳು: "ಯಾವ ಹಲ್ಲು ಅಂತ ಕೇಳ್ತಿದ್ದ ಹಾಗೇ ನಂಗೆ ಕನ್‌ಫ್ಯೂಷನ್ ಆಗೋಯ್ತಪ್ಪ, ಎಲ್ಲಾನೂ ಅಂದ್ಬಿಟ್ಟೆ." ಉಳಿದದ್ದು ಒಂದೇ. ಹೀಗೆ ಮಾಡಲೋ ಹಾಗೆ ಮಾಡಲೋ ತೋಚದೆ ನಿಲ್ಲುವ ಗೊಂದಲ. ಅರ್ಥ ಬರೆದಾಗಿತ್ತು, ಆಡಿದ ಬಾಯಿ ಸಿಕ್ಕಿರಲಿಲ್ಲ.

ಶುಕ್ರವಾರ ಸಂಜೆ ಸಿಕ್ಕಿತು. ತಂಗಿ ಅಡುಗೆಮನೆಯಲ್ಲಿ ಗೆಳತಿಯೊಡನೆ ಫೋನಿನಲ್ಲಿದ್ದಳು. "ಈ ಮದುವೆ ವಿಷಯದಲ್ಲಿ ನಂಗೆ ಕನ್‌ಫ್ಯೂಷನ್ನು ಕಣೇ" ಎಂದದ್ದು ಕಿವಿಗೆ ಬಿದ್ದದ್ದೇ ತಡ, ಅವನು ಮೇಜಿಗೆ ಓಡಿದ. ಉದಾಹರಣೆ ಸಿಕ್ಕಿತೆಂಬ ಖುಷಿ ಒಂದು. ತಂಗಿಗೇ ಅಷ್ಟು ಮನಸ್ಸಿಲ್ಲವೆಂಬ ಖುಷಿ ಇನ್ನೊಂದು, ಅದೇ ದೊಡ್ಡದು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಡಹುಟ್ಟಿದವಳ ಗೊಂದಲದಲ್ಲಿ ನೆಮ್ಮದಿ ಕಾಣುವ ಅಣ್ಣನಿಗೆ ಏನೆನ್ನಬೇಕೋ, ಅದನ್ನು ಬೇರೆಯವರ ನಿಘಂಟಿನಲ್ಲೇ ಹುಡುಕಬೇಕು.

ಪುಟಗಳನ್ನು ಕಂಪನಿಗೆ ಕಳಿಸುವ ಮುನ್ನ ತಂಗಿ ಗಟ್ಟಿಯಾಗಿ ಓದುವುದು, ಅವನು ಕಣ್ಣು ಮುಚ್ಚಿ ಕೇಳುವುದು ಮೊದಲಿನಿಂದ ಬಂದ ಪದ್ಧತಿ. ಶನಿವಾರ ಬೆಳಿಗ್ಗೆ ಓದಲು ಕೂತಳು. ಅಜ್ಜಿಯ ಹಲ್ಲಿಗೆ ಇಬ್ಬರೂ ನಕ್ಕರು. ಕೊನೆಯ ಉದಾಹರಣೆಗೆ ಬಂದು ತಂಗಿ ಓದು ನಿಲ್ಲಿಸಿದಳು.

"ಇದು ನನ್ನ ಮಾತು."

"ಹೌದು. ನಿನ್ನ ಹೆಸರು ಹಾಕಿಲ್ವಲ್ಲ."

"ಅರ್ಧ ಬರೆದಿದ್ದೀಯ."

"ಅಷ್ಟೇ ಕೇಳಿಸ್ತು."

"ಅಷ್ಟೇ ನೀನು ಕೇಳಿಸ್ಕೊಂಡಿದ್ದು." ಅವಳ ದನಿ ಏರಲಿಲ್ಲ. "ಒಪ್ಪೋದಾ ಬಿಡೋದಾ ಅಂತ ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ. ಅವರು ಕೇಳಿದ ದಿನಾನೇ ನನ್ನ ಮನಸ್ಸು ಹೂಂ ಅಂದಿದೆ. ಆದ್ರೆ ಅಣ್ಣನಿಗೆ ಒಂದು ಲೋಟ ಅಕ್ಕಿಗೆ ನೀರೆಷ್ಟು ಅಂತಾನೂ ಗೊತ್ತಿಲ್ಲ, ಅವನನ್ನ ಹೇಗೆ ಬಿಟ್ಟು ಹೋಗ್ಲಿ, ಅದೇ ಕನ್‌ಫ್ಯೂಷನ್ ಅಂದೆ. ಭಾನುವಾರ ಅವರು ಬಂದ್ರೆ ಆಗಲ್ಲ ಅಂತ ಹೇಳ್ಬಿಡ್ತೀನಿ ಅಂತಾನೂ ಅಂದೆ. ಅಷ್ಟೊತ್ತಿಗೆ ನೀನು ಅಲ್ಲಿರ್ಲಿಲ್ಲ."

ಅವನು ಕಣ್ಣು ತೆರೆದ. ಆದದ್ದು ತಬ್ಬಿಬ್ಬೂ ಅಲ್ಲ, ಗಲಿಬಿಲಿಯೂ ಅಲ್ಲ, ಬರೀ ನಾಚಿಕೆ. ತಂಗಿ ಹಾಳೆ ಮಗುಚಿ ಮುಂದಿನ ಪದ ಓದಲು ತೊಡಗಿದಳು. ಅವಳು ಅದನ್ನು ಮುಗಿಸುವಷ್ಟರಲ್ಲಿ ಅವನ ಕುರ್ಚಿ ಖಾಲಿಯಾಗಿತ್ತು.

ಅಡುಗೆಮನೆಯಲ್ಲಿ ಡಬ್ಬಗಳ ಸದ್ದಾಯಿತು. ಒಂದರ ಮುಚ್ಚಳ ತೆಗೆದು ಹಾಕಿದ, ಇನ್ನೊಂದರದು ತೆಗೆದು ಹಾಕಿದ. ಕೊನೆಗೆ ಅಕ್ಕಿ ಸಿಕ್ಕಿರಬೇಕು, ಪಾತ್ರೆಗೆ ಸುರಿದದ್ದು ಕೇಳಿಸಿತು. ಅಲ್ಲಿಂದಲೇ ಕೇಳಿದ:

"ನೀರೆಷ್ಟು?"

ತಂಗಿ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟಳು.

"ಎರಡೂವರೆ ಲೋಟ, ಅಣ್ಣ" ಎಂದಳು. "ಮೊದಲು ಅಕ್ಕಿ ತೊಳ್ಕೋ."