ಸತ್ತ ಮೂಗಿಗೆ ಬಂದ ವಾಸನೆ

ಬುದ್ಧಿಗೆ ನಿಲುಕದ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ, ಹಿಂದಿನ ರಾತ್ರಿ ಏನು ಉಂಡಿದ್ದಿರಿ ಎಂದು ಕೇಳುತ್ತಿದ್ದವನು ನಾನು. ಪಿತ್ತ ಕೆದರಿದರೆ ದೆವ್ವವೂ ಕಾಣುತ್ತದೆ, ದೇವರೂ ಕಾಣುತ್ತಾನೆ ಎಂಬುದು ನನ್ನ ಸಿದ್ಧಾಂತ. ರಸಾಯನಶಾಸ್ತ್ರದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ಬೇರೆ ಏನು ಹೇಳಿಯಾನು? ಈಗ ನನ್ನದೇ ಒಂದು ಅನುಭವ ಹೇಳಬೇಕಾಗಿದೆ. ನೀವು ನಕ್ಕರೆ ಬೇಸರವಿಲ್ಲ. ಹೇಳಲು ನನಗೆ ನಾಚಿಕೆ, ಅಷ್ಟೇ.

ಧಾರವಾಡದ ಒಂದು ಪ್ರಯೋಗಾಲಯಕ್ಕೆ ನಾನು ಮುಖ್ಯಸ್ಥ. ಜೋಳ, ಕಡಲೆಗಳ ಸತ್ವ ಅಳೆಯುವುದು ನಮ್ಮ ಕೆಲಸ. ಅದಕ್ಕೆ ಮೆಥಾಕ್ಸಿ ಎಥನಾಲ್ ಎಂಬ ದ್ರಾವಕ ಬಳಸುತ್ತೇವೆ. ಗ್ಲೈಕಾಲ್ ಈಥರ್ ಜಾತಿಯದು. ನೋಡಲು ನೀರೇ, ನೀರಿನಲ್ಲಿ ಬೆರೆತರೆ ಗುರುತೇ ಸಿಗದು, ವಾಸನೆಯೂ ತುಸು ಸಿಹಿ. ಈ ಸಾಧುತನವೇ ಅದರ ಮೋಸ. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಚರ್ಮದ ಮೂಲಕವೇ ಮೈಗಿಳಿದು ರಕ್ತ ಕೆಡಿಸುತ್ತದೆ. ಹೊಟ್ಟೆಯಲ್ಲಿರುವ ಕೂಸಿಗಂತೂ ದೊಡ್ಡ ಕೇಡು. ವಾಸನೆ ಬಂದ ಮೇಲೆ ಎಚ್ಚರವಾದರಾಯಿತು ಎನ್ನುವಂತಿಲ್ಲ, ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿ ಆಗಲೇ ಹೆಚ್ಚಾಗಿರುತ್ತದೆ. ಹೊಸಬರಿಗೆ ಇದನ್ನೆಲ್ಲ ನಾನೇ ಹೇಳುತ್ತಿದ್ದೆ. ಬಸುರಿಯರಿದ್ದರೆ ಮೊದಲೇ ತಿಳಿಸಬೇಕು ಎಂದೂ ಗಂಡಸರೆಲ್ಲರ ಎದುರಿಗೇ ಹೇಳುತ್ತಿದ್ದೆ. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಆ ಸುದ್ದಿಯನ್ನು ನೆರೆಮನೆಗೂ ಬಿಡುವುದಿಲ್ಲ ಎಂಬುದನ್ನು ನಾನು ಅರಿಯದವನಲ್ಲ.

ನನ್ನ ಮೂಗು ಹೆಸರುವಾಸಿಯಾಗಿತ್ತು. ಯಾವ ಬಾಟಲಿಯ ಮುಚ್ಚಳ ಸಡಿಲಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಕೊರೊನಾ ಜ್ವರದಲ್ಲಿ ಆ ಮೂಗು ಸತ್ತಿತು. ಬಹಳ ಮಂದಿಗೆ ವಾಸನೆ ಮರಳಿತು, ನನಗೆ ಮರಳಲಿಲ್ಲ. ಇದು ಗೊತ್ತಿದ್ದದ್ದು ನನ್ನ ಹೆಂಡತಿಗೆ, ಹುಬ್ಬಳ್ಳಿಯ ಒಬ್ಬ ವೈದ್ಯರಿಗೆ ಮಾತ್ರ. ಹಳಸಿದ ಸಾರನ್ನು ನಾನು ಸುರಿದು ಉಂಡ ದಿನ, ಪ್ರಯೋಗಾಲಯದಲ್ಲಿ ಒಂದು ಮಾತು ಹೇಳಿಬಿಡಿ ಎಂದು ಹೆಂಡತಿ ಕೈಮುಗಿದಳು. ನಾನು ಹೇಳಲಿಲ್ಲ. ಹೆಸರು ಹೋದೀತೆಂಬ ಅಂಜಿಕೆ.

ಒಂದು ಚಳಿಗಾಲದ ಮಧ್ಯಾಹ್ನ ರಸ್ತೆಯಾಚೆಯ ಚಹಾದಂಗಡಿಯಲ್ಲಿ ನಿಂತಿದ್ದೆ. ಕೈಯಲ್ಲಿದ್ದ ಚಹಾಕ್ಕೆ ವಾಸನೆಯಿಲ್ಲ, ಬಾಣಲೆಯಲ್ಲಿ ಬೇಯುತ್ತಿದ್ದ ಮಿರ್ಚಿಗೂ ಇಲ್ಲ. ಒಮ್ಮೆಲೇ ಆ ದ್ರಾವಕದ ಸಿಹಿ ವಾಸನೆ ಬಂತು. ನೆನಪಾದದ್ದಲ್ಲ, ಬಂದದ್ದು. ಪಕ್ಕದವರನ್ನು ಕೇಳಿದರೆ ಮಿರ್ಚಿಯದು ಬಿಟ್ಟರೆ ಏನೂ ಇಲ್ಲ ಎಂದರು. ಚಹಾ ಅಲ್ಲೇ ಇಟ್ಟು ನಡೆದೆ. ಗೇಟಿನ ಹತ್ತಿರ ವಾಸನೆ ಹೆಚ್ಚಾಯಿತು, ಮೆಟ್ಟಿಲಲ್ಲಿ ಇನ್ನೂ ಹೆಚ್ಚಾಯಿತು.

ಒಳಗೆ ನಮ್ಮ ಕಿರಿಯ ಸಹಾಯಕಿ ಸವಿತಾ ಒಬ್ಬಳೇ ಕೆಲಸ ಮಾಡುತ್ತಿದ್ದಳು. ಧೂಳು ಬರುತ್ತದೆಂದು ಚಪ್ಪಲಿಗಳನ್ನು ಹೊರಗೇ ಬಿಡಿಸುತ್ತಿದ್ದವನು ನಾನು. ನೆಲ ತಣ್ಣಗಿರುತ್ತದೆಂದು ಅವಳು ಕಾಲಡಿ ಹಳೆಯ ಕೌದಿಯ ತುಂಡು ಹಾಸಿಕೊಂಡಿದ್ದಳು.

"ಸವಿತಾ, ಕಾಲ್ ತಗಿಯವಾ. ಮೊದಲ ಹೊರಗ ನಡಿ."

"ಯಾಕ್ರಿ ಸರ್ರ? ನನಗೇನೂ ವಾಸನಿ ಬರಾಕತ್ತಿಲ್ಲಲ್ರಿ."

ಕೌದಿಯ ಅಂಚು ಒದ್ದೆಯಾಗಿತ್ತು, ಅವಳ ಹಿಮ್ಮಡಿಯೂ. ಹಿಂದಿನ ಕಪಾಟಿನಲ್ಲಿದ್ದ ಬಾಟಲಿಯ ಬುಡ ಸೀಳು ಬಿಟ್ಟು, ದ್ರಾವಕ ನೆಲಕ್ಕೆ ಇಳಿದಿತ್ತು. ಆ ಕಪಾಟನ್ನು ಬೆಳಿಗ್ಗೆ ತೆರೆದವನು ನಾನೇ. ಮೂಗಿದ್ದವನು ತೆರೆದಿದ್ದರೆ ಆಗಲೇ ತಿಳಿಯುತ್ತಿತ್ತೋ ಏನೋ.

ಅಂಗಳದ ನಳದ ಕೆಳಗೆ ಸಾಬೂನು ಹಚ್ಚಿ ಕಾಲು ತೊಳೆದುಕೊಳ್ಳಲು ಹೇಳಿ ಮುಖ ತಿರುಗಿಸಿ ನಿಂತೆ. ಹಿಂದಿನಿಂದ ಅವಳ ಸಣ್ಣ ದನಿ ಬಂತು.

"ಸರ್ರ, ನನಗ ಎರಡನೇ ತಿಂಗಳರಿ. ಯಾರಿಗೂ ಹೇಳಬ್ಯಾಡ ಅಂತ ಅತ್ತಿಯಾರು ಅಂದಾರ್ರಿ."

ಅವಳು ಬಚ್ಚಿಟ್ಟದ್ದು ಕೂಸಿನ ಒಳ್ಳೆಯದಕ್ಕೆಂದು, ನಾನು ಬಚ್ಚಿಟ್ಟದ್ದು ನನ್ನ ಒಣ ಮರ್ಯಾದೆಗೆ. ಕೂಡಲೇ ಅವಳನ್ನು ಆಸ್ಪತ್ರೆಗೆ ಕಳಿಸಿದೆ. ಆಮೇಲೆ ಕೌದಿಯನ್ನು ಹೊರಗೊಯ್ಯುವಾಗ ತಪ್ಪೆಂದು ಗೊತ್ತಿದ್ದೂ ಮೂಗಿನ ಹತ್ತಿರ ತಂದೆ. ಏನೂ ಬರಲಿಲ್ಲ. ಅಂದಿನಿಂದ ಇಂದಿನವರೆಗೂ ಬಂದಿಲ್ಲ.

ಸತ್ತ ಮೂಗಿಗೆ ಇಲ್ಲದ ವಾಸನೆ ಬರುವುದುಂಟು ಎಂದು ವೈದ್ಯರು ಹೇಳಿದರು. ಇರಬಹುದು. ಬೆಳಿಗ್ಗೆ ಸೀಳನ್ನು ಕಂಡ ಕಣ್ಣು ಮನಸ್ಸಿಗೆ ಹೇಳದೆ ಉಳಿಸಿಕೊಂಡಿತ್ತೋ? ಅದೂ ಇರಬಹುದು. ಆದರೆ ಅದು ಅದೇ ಹೊತ್ತಿಗೆ, ರಸ್ತೆಯಾಚೆ ಏಕೆ ಬರಬೇಕಿತ್ತು? ನನಗೆ ತಿಳಿಯದು. ಚಪ್ಪಲಿಯ ಕಟ್ಟಳೆ ತೆಗೆದುಹಾಕಿದೆ. ಹೆಣ್ಣುಮಕ್ಕಳು ಗುಟ್ಟಾಗಿ ಹೇಳಿಕೊಳ್ಳಲು ಒಬ್ಬ ಹಿರಿಯ ಸಹೋದ್ಯೋಗಿಯನ್ನು ಗೊತ್ತು ಮಾಡಿದೆ. ನನ್ನ ಮೂಗಿನ ಸುದ್ದಿ ಮಾತ್ರ ಹೊರಬೀಳಲಿಲ್ಲ. ಹೊರಬಿದ್ದದ್ದು ಅದರ ಕೀರ್ತಿ, ರಸ್ತೆಯಾಚೆಯಿಂದಲೇ ಹಿಡಿದರಂತೆ ಎಂದು.

ದೇವರ ದಯೆ ಎನ್ನುವವರು ಅನ್ನಲಿ, ಹೆಣ್ಣುಕೂಸು ಆರೋಗ್ಯವಾಗಿ ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗರಗದಲ್ಲಿರುವ ಸವಿತಾಳ ತವರಿಗೆ ಹೋದೆ. ಮೂಲೆಯಲ್ಲಿ ಲೋಬಾನದ ಹೊಗೆ ಏಳುತ್ತಿತ್ತು, ಕಣ್ಣಿಗೆ ಮಾತ್ರ. ಅವಳ ಅತ್ತೆ ಬಂದವರಿಗೆಲ್ಲ ನನ್ನ ಮೂಗಿನ ಕತೆ ಹೇಳುತ್ತಿದ್ದರು. ಸವಿತಾ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು.

"ಇಕಿ ನೆತ್ತಿ ಮೂಸಿ ನೋಡ್ರಿ ಸರ್ರ. ಇಕಿನ್ನ ಉಳಿಸಿದ್ದು ನಿಮ್ಮ ಮೂಗು."

ಬಾಗಿದೆ. ನೆತ್ತಿ ಬೆಚ್ಚಗಿತ್ತು, ಎಣ್ಣೆ ನನ್ನ ಮೂಗಿನ ತುದಿಗೆ ಹತ್ತಿತು. ಉಸಿರು ಎಳೆದೆ, ಮತ್ತೆ ಎಳೆದೆ. ಏನೂ ಇರಲಿಲ್ಲ. ತಲೆ ಎತ್ತಿದರೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಛಲೋ ವಾಸನಿ ಐತವಾ," ಎಂದೆ.