ಅಂಗೈಯಲ್ಲಿ ಹಿಡಿಸುವ ಲಾರಿ

ಐವತ್ತು ದಾಟಿದ ಮೇಲೂ ನಾನು ಆಟದ ಗಾಡಿಗಳನ್ನು ಕೊಳ್ಳುತ್ತೇನೆ. ಕೇಳಿದವರಿಗೆ 'ಸ್ಕೇಲ್ ಮಾಡೆಲ್' ಎನ್ನುತ್ತೇನೆ. ಇಂಗ್ಲಿಷಿನಲ್ಲಿ ಹೇಳಿದರೆ ವಯಸ್ಸಿಗೆ ತಕ್ಕ ಮಾತಾಗುತ್ತದೆ. ಅವುಗಳ ಫೋಟೊ ತೆಗೆಯುವುದು ಇನ್ನೂ ದೊಡ್ಡ ಹುಚ್ಚು. ತಿಪಟೂರಿನ ನಮ್ಮ ಮನೆಯ ಹಿತ್ತಲಲ್ಲಿ ಹಲಗೆ ಹಾಸಿ ತೆಂಗಿನ ನಾರಿನ ಪುಡಿ ಉದುರಿಸಿದರೆ ಮಣ್ಣಿನ ರಸ್ತೆ. ಒಂದೇ ಕಾಯಿಯ ಸಿಪ್ಪೆಯನ್ನು ಹಿಂದೆ ಒಟ್ಟಿದರೆ ಗುಡ್ಡೆ. ಮೊಬೈಲನ್ನು ತಲೆಕೆಳಗಾಗಿ ನೆಲಕ್ಕೆ ತಾಗಿಸಿ ಹಿಡಿಯಬೇಕು. ಕ್ಯಾಮೆರಾದ ಕಣ್ಣು ಚಕ್ರದ ಮಟ್ಟಕ್ಕಿಳಿದರೆ ಅಂಗೈಯಷ್ಟಿರುವ ಗಾಡಿಯೂ ಮೈಮೇಲೆ ಬರುವಂತೆ ಕಾಣುತ್ತದೆ. ಇದಕ್ಕಾಗಿ ಬೋರಲು ಮಲಗುವ ನಾನು, ಏಳಲು ಹೆಂಡತಿಯನ್ನು ಕೂಗುತ್ತೇನೆ.

"ಕೊಬ್ರಿ ಒಣಗೋ ಜಾಗದಲ್ಲಿ ನೀವೇ ಒಣಗ್ತಾ ಬಿದ್ದಿದ್ದೀರಲ್ರೀ!" ಎನ್ನುತ್ತಾಳೆ.

ಹೀಗೆ ತೆಗೆದದ್ದರಲ್ಲಿ ಒಂದು ಕಿತ್ತಳೆ ಬಣ್ಣದ ಲಾರಿ. ಅಣ್ಣ ಕೊಬ್ಬರಿ ಸಾಗಿಸುತ್ತಿದ್ದ ಲಾರಿ ಹಾಗೆಯೇ ಇತ್ತೆಂದು ಕೊಂಡದ್ದು. ಎಷ್ಟೋ ವರ್ಷಗಳ ಹಿಂದೆ ಆ ಲಾರಿ ಅಮ್ಮಸಂದ್ರದ ಆಚೆ ಮಗುಚಿ ಅಣ್ಣ ತೀರಿಕೊಂಡ. ಲಾರಿ ಗುಜರಿಗೆ ಹೋಯಿತು. ಅದರ ಒಂದು ಫೋಟೊವೂ ನಮ್ಮಲ್ಲಿಲ್ಲ. ಆಗೆಲ್ಲ ಫೋಟೊ ಎಂದರೆ ಮದುವೆಗೆ. ಲಾರಿಗೆ ಯಾರು ತೆಗೆಸುತ್ತಾರೆ? ನನ್ನ ಚಿತ್ರವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಆಟದ್ದೆಂದು ಬರೆಯಬೇಕೆನ್ನುವುದು ಹೊಳೆಯಲೇ ಇಲ್ಲ.

ಆಯುಧಪೂಜೆಯ ದಿನ ದಂಡಿನಶಿವರದ ಅತ್ತಿಗೆಯ ಮನೆಗೆ ಹೋದರೆ ಆ ಚಿತ್ರ ಗೋಡೆಯ ಮೇಲಿತ್ತು. ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಅಣ್ಣನ ಫೋಟೊದ ಪಕ್ಕಕ್ಕೇ ತೂಗುಹಾಕಿದ್ದರು. ಗಾಜಿಗೆ ವಿಭೂತಿ, ಸುತ್ತ ಚೆಂಡುಹೂವಿನ ಹಾರ. ಕೆಳಗಿನ ಗೂಡುಹಲಗೆಯ ಮೇಲೆ, ಸರಿಯಾಗಿ ಚಕ್ರಗಳ ಅಡಿಗೆ ಬರುವಂತೆ, ನಿಂಬೆಹಣ್ಣುಗಳು.

"ಎಲ್ಲಿ ಸಿಕ್ತಪ್ಪ ಇದು? ನಮ್ ತೋಟದ್ ಸಿಪ್ಪೆ ಗುಡ್ಡೆ ಮುಂದೇನೇ ನಿಂತೈತೆ. ಬಾಗ್ಲಲ್ಲಿ ಆ ಗೀರು ನೋಡು, ಹಂಗೇ ಐತೆ. ನಿಮ್ಮಣ್ಣ ಗೇಟಿಗೆ ಉಜ್ಜಿದ್ದು ಕಣಪ್ಪ," ಎಂದರು ಅತ್ತಿಗೆ.

ಆ ಗೀರು, ಆಟದ ಲಾರಿ ನನ್ನ ಕೈಜಾರಿ ಬಿದ್ದು ಆದದ್ದು. ಆದರೆ ಅತ್ತಿಗೆ ಹೇಳುತ್ತಿದ್ದಂತೆ ಗೇಟಿಗೆ ತಗಡು ಉಜ್ಜಿದ ಸದ್ದು ನನಗೂ ಕೇಳಿಸಿತು! ನೆನಪೆಂಬುದು ಅಟ್ಟದ ಮೇಲೆ ಒಣಗಲಿಟ್ಟ ಕಾಯಿಯಲ್ಲ, ಇಳಿಸಿದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುವಾಗ ಇದನ್ನು ಪರೀಕ್ಷೆಗೆ ಬರೆದು ಬಂದಿದ್ದೆ; ನಂಬಿದ್ದು ಈಗ. ಕಣ್ಣು ಮುಚ್ಚಿದರೆ ಕಾಣುವುದು ಹಿತ್ತಲ ಹಲಗೆಯ ಮೇಲಿನ ಲಾರಿಯೇ, ಅದರೊಳಗೆ ಯಾರೂ ಇಲ್ಲ. ನಿಜವಾದದ್ದು ಕಿತ್ತಳೆಯೋ ಕೆಂಪೋ, ಆಣೆ ಮಾಡಲಾರೆ. ಅತ್ತಿಗೆಯ ತಲೆಯೊಳಗಿನ ಲಾರಿಯನ್ನೂ ನಾನೇ ಬದಲಿಸಿಬಿಟ್ಟೆನೇ ಎಂದು ಭಯವಾಯಿತು. ಸುಮ್ಮನಿದ್ದರೆ ಸುಳ್ಳಿಗೆ ಪೂಜೆ. ಹೇಳಿದರೆ ಅಣ್ಣನ ಪಕ್ಕದ ಗೋಡೆ ಮತ್ತೆ ಖಾಲಿ.

"ಅತ್ತಿಗೆ, ಅದು ಆಟದ್ದು. ನಾನೇ ಮನೇಲಿ ತೆಗ್ದಿದ್ದು," ಎಂದೆ.

"ಆಟದ್ದಾ?"

ಎದ್ದು ಹೋಗಿ ಚಿತ್ರದ ಮುಂದೆ ನಿಂತರು. ಇಳಿಸುತ್ತಾರೆಂದುಕೊಂಡೆ. ಒಂದು ಕಡೆ ಜಾರಿದ್ದ ಹಾರವನ್ನು ನೆಟ್ಟಗೆ ಮಾಡಿದರು.

"ಇರ್ಲಿ ಬುಡು. ಇದಾದ್ರೂ ಯಾರನ್ನೂ ಕರ್ಕೊಂಡು ಹೋಗಾಕಿಲ್ಲ."