ಕಡೆಯ ಹಾಳೆಯಿಂದ ಓದುತ್ತಿದ್ದ ಶರಣಪ್ಪ ಕಾಕಾ

ಶರಣಪ್ಪ ಕಾಕಾ ಯಾವ ಕಾಗದವನ್ನೂ ಮೊದಲ ಹಾಳೆಯಿಂದ ಓದಿದವರಲ್ಲ. ಲಗ್ನಪತ್ರಿಕೆ ಕೊಟ್ಟರೂ ಕೆಳಗೆ ಅಚ್ಚಾದ ಪ್ರೆಸ್ಸಿನ ಹೆಸರಿನಿಂದಲೇ ಶುರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. ನಾವು ಪುಸ್ತಕ ಮುಗಿಸುವ ಕಡೆಯಿಂದ ತೆರೆಯುವುದು ಅವರ ಕೈಗೆ ರೂಢಿಯಾಗಿತ್ತು. ರಾಯಚೂರಿನ ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವುದು ಅವರ ಕೆಲಸ. ದೇವದುರ್ಗ, ಮಾನ್ವಿಯಿಂದ ಬೆಳಗಿನ ಬಸ್ಸಿಗೆ ಬಂದವರು ವಕೀಲರಿಗಿಂತ ಮೊದಲು ಅವರ ಮುಂದೆ ಬಂದು ಕೂರುತ್ತಿದ್ದರು.

"ಮುಂದಿನ ಹಾಳ್ಯಾಗ ಹೂವು ಇಟ್ಟಿರ್ತಾರ. ಮುಳ್ಳು ಹಿಂದ ಇರ್ತದ" ಎನ್ನುವುದು ಅವರ ಮಾತು.

ಎಪ್ಪತ್ತರ ದಶಕದ ಕೊನೆ. ನಾನು ಓದಿದ ಕಾನ್ವೆಂಟಿನಲ್ಲೇ ಇಂಗ್ಲಿಷ್ ಟೀಚರ್ ಆಗಿದ್ದೆ. ದೇವದುರ್ಗದ ಜಾಲಹಳ್ಳಿ ಕಡೆ ಬೋರ್‌ವೆಲ್ ಹಾಕಿಸಲು ಬಂದಿದ್ದ ಡಚ್ ಎಂಜಿನಿಯರ್ ಪೀಟರ್‌ನನ್ನು ಮೆಚ್ಚಿದ್ದೆ. ಮದುವೆ ಹಾಲೆಂಡಿನಲ್ಲಿ, ಸಂಸಾರವೂ ಅಲ್ಲೇ. ಅದಕ್ಕೆ ನಾನು ಅವಿವಾಹಿತೆ ಎಂಬ ಅಫಿಡವಿಟ್ ಬೇಕಿತ್ತು.

"ಎರಡು ಸಾಲು ಬರಕೊಡ್ರಿ ಕಾಕಾ, ಅರ್ಜೆಂಟ್ ಅದ."

ಅವರು ಪೆನ್ನು ಮುಟ್ಟಲಿಲ್ಲ. "ಆ ದೇಶದಿಂದ ಬಂದ ಕಾಗದ ತಗಿ. ಕಡೀ ಹಾಳಿ ಓದಿ ಕನ್ನಡದಾಗ ಹೇಳು."

ಸಿಸ್ಟರುಗಳಿಂದ ಎಲೊಕ್ಯೂಷನ್ ಪ್ರೈಜ್ ಪಡೆದವಳು ನಾನು. ಆದರೆ ತನ್ನ ದೇಶಕ್ಕೆ ಮರಳಿದ್ದ ಪೀಟರ್ ಕಳಿಸಿದ್ದ ಇಂಗ್ಲಿಷ್ ಹಾಳೆಗಳಲ್ಲಿ ಓದಿದ್ದು ಮೊದಲನೆಯದನ್ನು ಮಾತ್ರ. ಕಡೆಯದರಲ್ಲಿ ಹೀಗಿತ್ತು: ಮದುವೆಯಾದ ಗಳಿಗೆಯಿಂದ ಗಂಡಹೆಂಡಿರ ಆಸ್ತಿ, ಮೊದಲಿನದೂ ಆಮೇಲಿನದೂ, ಇಬ್ಬರಿಗೂ ಸೇರಿದ್ದು, ಬೇರೆಯಾದರೆ ಸಮಪಾಲು. ಬೇಡವೆಂದರೆ ಮದುವೆಗೆ ಮುಂಚೆಯೇ ನೋಟರಿಯ ಮುಂದೆ ಕರಾರು ಮಾಡಿಕೊಳ್ಳಬೇಕು.

"ನಿಮ್ಮವ್ವ ಇರೂ ಮನಿ ಯಾರ ಹೆಸರ್ಲೆ ಅದ?"

"ನನ್ನ ಹೆಸರ್ಲೆ. ಅಪ್ಪ ಹೋಗೂಕಿಂತ ಮೊದಲ ಮಾಡಿಸಿಟ್ಟಿದ್ದರು."

"ಅಂದ್ರ ನಿನ್ನ ಮದುವಿ ಆದ ದಿನ ಅರ್ಧಾ ಅಡಗಿಮನಿ ಪೀಟರಪ್ಪಂದು. ನಿಮ್ಮವ್ವ ಯಾವ ಅರ್ಧದಾಗ ಕುಂತು ರೊಟ್ಟಿ ಬಡೀಬೇಕು?"

"ಪೀಟರ್ ಅಂಥವ ಅಲ್ಲ ಕಾಕಾ!"

"ಅಂಥವ ಅಲ್ಲಂದ್ರ ಸೈನ್ ಮಾಡ್ತಾನ ಬಿಡವ್ವಾ. ಕೇಳಿ ನೋಡು."

ಎಷ್ಟು ಎಂಬರಾಸಿಂಗ್! ಲವ್ ಲೆಟರಿನಲ್ಲಿ ಮನೆಯ ಕರಾರಿನ ಮಾತು ಬರೆಯುವುದು ಹೇಗೆ? ಮೂರು ದಿನ ಅವರ ಮೇಲೆ ಮುನಿಸಿಕೊಂಡಿದ್ದೆ. ಅವರೂ ಜಗ್ಗಲಿಲ್ಲ, ನಾನು ಪತ್ರ ಪೋಸ್ಟ್ ಮಾಡಿದೆನೆಂದು ಆಣೆ ಮಾಡಿದ ಮೇಲೆಯೇ ಅಫಿಡವಿಟ್ ಬರೆದುಕೊಟ್ಟರು. ಪೀಟರ್ ಬೇಸರಪಡದೆ ಒಪ್ಪಿದ. ಮದುವೆಗೆ ಒಂದು ವಾರ ಮೊದಲು, ಅಮ್ಮನ ಮನೆ ನನ್ನೊಬ್ಬಳದೇ ಎಂಬ ಕರಾರಿಗೆ ಅಲ್ಲಿನ ನೋಟರಿಯ ಮುಂದೆ ಇಬ್ಬರೂ ಸಹಿ ಹಾಕಿದೆವು.

ಏಳು ವರ್ಷ ಕಳೆಯುವಷ್ಟರಲ್ಲಿ ನಮ್ಮಿಬ್ಬರ ನಡುವೆ ಮಾತು ಬತ್ತಿತ್ತು. ಪೀಟರ್ ಕೆಟ್ಟವನಲ್ಲ, ನಾನೂ ಅಲ್ಲ. ಡೈವೋರ್ಸ್ ಆಯಿತು. ಇದ್ದದ್ದನ್ನೆಲ್ಲ ಪಟ್ಟಿ ಮಾಡಿದರು, ಪಿಂಗಾಣಿ ಟೀ ಸೆಟ್ ಕೂಡ. ಅಮ್ಮನ ಮನೆ ಮಾತ್ರ ಪಟ್ಟಿಗೆ ಬರಲಿಲ್ಲ. ರಾಯಚೂರಿಗೆ ಮರಳಿದಾಗ ಅಮ್ಮ ಅದೇ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ಕೈಕಾಲು ತೊಳ್ಕೊ, ಬಿಸಿ ಅದಾವ" ಎಂದಳು.

ಮರುದಿನವೇ ಬೇವಿನ ಮರದ ಕೆಳಗೆ ಹೋದೆ. ಕಾಕಾ ಸೊರಗಿದ್ದರು, ಕಣ್ಣು ಮಂಜಾಗಿತ್ತು. ಡೈವೋರ್ಸ್ ಆದದ್ದನ್ನು ಹೇಳಿದೆ.

"ತಪ್ಪು ಯಾರದು ಅಂತ ಜಡ್ಜ್ ಕೇಳಿದ್ನಾ?"

"ಇಲ್ಲ ಕಾಕಾ. ಈ ಸಂಸಾರ ಇನ್ನ ಕೂಡಂಗಿಲ್ಲ ಅಂದ್ರ ಅಲ್ಲಿ ಸಾಕು."

"ಛಲೋ ಕಾನೂನು. ಇಲ್ಲಿ ಓಣಿ ತುಂಬಾ ಕೇಳ್ತಾರ. ನೀ ಒಬ್ಬರಿಗೂ ಜವಾಬು ಕೊಡಬ್ಯಾಡ."

ನನ್ನ ಕಣ್ಣು ತುಂಬಿತು. ಮಾತು ತಿರುಗಿಸಲು, ಅಲ್ಲಿ ಕೆಲವರು ಮದುವೆಯಾಗದೆ ಒಟ್ಟಿಗಿರುತ್ತಾರೆ, ಅದಕ್ಕೂ ನೋಟರಿಯ ಹತ್ತಿರ ಕರಾರು ಬರೆಸುತ್ತಾರೆ ಎಂದೆ. ಕಾಕಾ ಕೆಮ್ಮು ಬರುವಷ್ಟು ನಕ್ಕರು.

"ಮದುವಿ ಇಲ್ಲದ ಸಂಸಾರಕ್ಕೂ ಬಾಂಡ್ ಪೇಪರಾ? ಯಪ್ಪಾ! ನಾ ಅಲ್ಲಿ ಹುಟ್ಟಿದ್ರ ಮೂರಂತಸ್ತಿನ ಮನಿ ಕಟ್ಟಿಸ್ತಿದ್ದೆ."

"ಥ್ಯಾಂಕ್ ಯೂ ಕಾಕಾ" ಎಂದೆ, ಕಾನ್ವೆಂಟಿನ ಅಭ್ಯಾಸದಂತೆ.

"ಅದನ್ನ ಅರ್ಜ್ಯಾಗ ಕಡೀಕ ಬರೀತಾರವ್ವಾ. ಈಗ್ಯಾಕ ಅವಸರ?"

ಅದೇ ಕಡೆಯ ಭೇಟಿ. ಮುಂದಿನ ಬೇಸಿಗೆಗೆ ಹೋದಾಗ ಆ ಜಾಗದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಬೇರೊಬ್ಬರು ಕೂತಿದ್ದರು.

ಅಮ್ಮ ತನ್ನ ಕೊನೆಯ ದಿನದವರೆಗೂ ಆ ಮನೆಯಲ್ಲೇ ಇದ್ದಳು. ಅದೇ ಅಡಿಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಕಾ, ಇದು ಕಡೆಯ ಹಾಳೆ. ನೀವು ಓದಲು ಶುರು ಮಾಡುವುದು ಇಲ್ಲಿಂದಲೇ. ಥ್ಯಾಂಕ್ ಯೂ.